ಹದಿನೈದು ಪದಗಳ ಜಗಳ

ಶ್ರೀಕಾಂತ ಮಾವ: (ಫಾರ್ವರ್ಡ್) ಹಿರಿಯರಿಗೆ 15 ಪದ ಓದಿ ಹೇಳಿ. ತಿರುಗಿ ಏಳಾದರೂ ಹೇಳದಿದ್ದರೆ ಮರೆವಿನ ಕಾಯಿಲೆ ಶುರುವಾಗಿದೆ ಎಂದರ್ಥ!! ಇಂದೇ ಮಾಡಿಸಿ.

ವನಜತ್ತೆ: ನನಗೆ ಐದೇ ಬಂತು. ಇನ್ನು ರಾತ್ರಿ ನಿದ್ದೆ ಬಂದ ಹಾಗೇ.

ಸಹನಾ: ಮಾವ, ದಯವಿಟ್ಟು ಡಿಲೀಟ್ ಮಾಡಿ. ಅತ್ತೆ, ಒಂದು ಸಲ ಕೇಳಿ ಐದು ಹೇಳಿದ್ದಕ್ಕೆ ಗಾಬರಿ ಬೇಡ. ಇದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಆಂಡ್ರೆ ರೇ ಮಾಡಿದ ಪರೀಕ್ಷೆಯ ಬಾಲ ಕತ್ತರಿಸಿದ ರೂಪ. ಅಸಲಿನಲ್ಲಿ ಅದೇ 15 ಪದಗಳನ್ನು ಐದು ಸಲ ಓದುತ್ತಾರೆ. ಪ್ರತಿ ಸಲವೂ ನೆನಪಿದ್ದಷ್ಟು ಹೇಳಬೇಕು. ಆಮೇಲೆ ಬೇರೆ 15 ಪದ ಓದಿ ಗೊಂದಲ ಮಾಡಿಸುತ್ತಾರೆ. 20–30 ನಿಮಿಷ ಬಿಟ್ಟು ಮೊದಲಿನ ಪಟ್ಟಿಯನ್ನೇ ಕೇಳುತ್ತಾರೆ. ನಿಮ್ಹಾನ್ಸ್‌ನವರು 2004ರಲ್ಲಿ ತಂದ ಪರೀಕ್ಷೆಗಳ ಸರಣಿಯಲ್ಲೂ ಇಂಥದ್ದು ಇದೆ.

ಶ್ರೀಕಾಂತ ಮಾವ: ಐದು ಸಲ ಕೇಳಿದರೆ ಯಾರಿಗೆ ಬರಲ್ಲ? ಅದು ಬಾಯಿಪಾಠ ಆಯ್ತು.

ಸಹನಾ: ಎಲ್ಲರಿಗೂ ಬರಲ್ಲ ಮಾವ, ನೋಡುವುದೇ ಅದನ್ನು. ಆಲ್ಝೈಮರ್ ಇದ್ದವರಲ್ಲಿ ಸಾಮಾನ್ಯವಾಗಿ ಎಷ್ಟು ಸಲ ಓದಿದರೂ ಅಂಕಿ ಜಾಸ್ತಿ ಏರಲ್ಲ.

ರಘು ಭಾವ: ಹಾಗಾದರೆ ಐದನೇ ಸಲದ್ದರಲ್ಲಿ ಮೊದಲನೇದನ್ನು ಕಳೆದರೆ ಮುಗೀತಲ್ಲ?

ಸಹನಾ: ಅಲ್ಲೇ ಎಡವಟ್ಟಾಗುವುದು ಭಾವ. ಒಬ್ಬರು 4ರಿಂದ 10ಕ್ಕೆ ಏರಿದರು ಅನ್ನಿ. ಇನ್ನೊಬ್ಬರು 9ರಿಂದ 13ಕ್ಕೆ. ಕಳೆದರೆ 6 ಮತ್ತು 4. ಮೊದಲನೆಯವರೇ ಚುರುಕಾ? ಎರಡನೆಯವರಿಗೆ ಕಲಿಯಲು ಉಳಿದಿದ್ದೇ ಆರು ಪದ!

ರಘು ಭಾವ: ಉಳಿದಿದ್ದರಿಂದ ಭಾಗಿಸು ಮತ್ತೆ. 6/11 ಅಂದರೆ 0.55. 4/6 ಅಂದರೆ 0.67. ಅರೆ, ಉಲ್ಟಾ ಆಯ್ತು.

ಸಹನಾ: ಹೀಗೆ ಭಾಗಿಸಿ ಬಂದ ಅಂಕಿಗೇ ಲರ್ನಿಂಗ್ ರೇಶಿಯೋ (ಕಲಿಕೆಯ ಅನುಪಾತ) ಅನ್ನುತ್ತಾರೆ. ಈಚಿನ ವರ್ಷಗಳಲ್ಲಿ ಬಂದ ಲೆಕ್ಕ. ಹಳೆಯದರಲ್ಲಿ ಐದೂ ಸಲದ ಮೊತ್ತದಿಂದ ಮೊದಲ ಸಲದ ಅಂಕಿಯ ಐದು ಪಟ್ಟನ್ನು ಕಳೆಯುತ್ತಿದ್ದರು. ಶುರುವಿನಲ್ಲೇ ಚೆನ್ನಾಗಿ ಹೇಳಿದವರಿಗೆ ಅದರಲ್ಲಿ ಸುಮ್ನೆ ನಷ್ಟ.

ರಘು ಭಾವ: ಮೊದಲ ಸಲವೇ 14 ಹೇಳಿದವರ ಗತಿ? ಕೊನೆಗೆ 15 ಹೇಳಿದರೆ 1, 14ರಲ್ಲೇ ನಿಂತರೆ 0. ಒಂದು ಪದಕ್ಕೆ ಇಷ್ಟು ಕುಣಿಯುವ ಅಂಕಿಯನ್ನು ನಾನು ನಂಬಲ್ಲ. 15 ಹೇಳಿಬಿಟ್ಟವರಿಗಂತೂ ಸೊನ್ನೆಯಿಂದ ಭಾಗಿಸಬೇಕು!

ಸಹನಾ: ಒಪ್ಪುತ್ತೇನೆ, ಆ ತುದಿಯಲ್ಲಿ ಈ ಲೆಕ್ಕ ಕೆಲಸಕ್ಕೆ ಬರಲ್ಲ. ಒಂದೇ ಅಂಕಿ ಹಿಡಿದು ಯಾರೂ ಕಾಯಿಲೆ ಹೇಳಲ್ಲ. ವಯಸ್ಸು, ಓದು, ಕಿವಿ ಎಷ್ಟು ಕೇಳುತ್ತೆ, ದಿನದ ಕೆಲಸ ಹೇಗೆ ನಡೀತಿದೆ, ಎಲ್ಲ ನೋಡುತ್ತಾರೆ.

ವನಜತ್ತೆ: ನಾನು ಧಾರಾವಾಹಿ ನೋಡ್ತಾ ಕೇಳಿಸಿಕೊಂಡಿದ್ದು. ಅದೂ ಇಂಗ್ಲಿಷ್ ಪದ.

ಶ್ರೀಕಾಂತ ಮಾವ: ಅದನ್ನು ಮೊದಲೇ ಹೇಳಬಾರದಾ ವನಜಾ! ಸರಿ, ಕನ್ನಡ ಪಟ್ಟಿ ಕಳಿಸು ಸಹನಾ, ಇವಳಿಗೆ ನಾನೇ ಐದು ಸಲ ಓದುತ್ತೇನೆ.

ಸಹನಾ: ಕಳಿಸಲ್ಲ ಮಾವ. ಮನೆಯಲ್ಲೇ ಪಟ್ಟಿ ಬಾಯಿಗೆ ಬಂದರೆ ನಾಳೆ ನಿಜವಾಗಿ ಪರೀಕ್ಷೆ ಬೇಕಾದಾಗ ಅಂಕಿ ಸುಳ್ಳು ಹೇಳುತ್ತೆ. ಮೊದಲು ಆ ಫಾರ್ವರ್ಡ್ ತೆಗೀರಿ.

ಶ್ರೀಕಾಂತ ಮಾವ: ತೆಗೆದೆ. ವಾಕಿಂಗ್ ಗುಂಪಿಗೂ ಹಾಕಿದ್ದೆ. ಅಲ್ಲಿ ಆಗಲೇ ಮೂವರು ಅಂಕ ಹಾಕಿಕೊಂಡಿದ್ದಾರೆ.