ಮುಂಬೈ ಹಾರ್ಬರ್ ಲೈನ್: 1500 ವೋಲ್ಟ್ ಡಿಸಿ ಬಿಟ್ಟು 25,000 ವೋಲ್ಟ್ ಎಸಿಗೆ ಹೋದದ್ದೇಕೆ?

ಹಳಿಗುಂಟ:
1925ರ ಫೆಬ್ರವರಿ 3ರಂದು ಬಾಂಬೆ ವಿಟಿಯಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು ಮುಂಬೈ ಲೋಕಲ್‌ನ ಈ ಹಾರ್ಬರ್ ಮಾರ್ಗದಲ್ಲೇ, 1500 ವೋಲ್ಟ್ ಡಿಸಿಯಲ್ಲಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್). 2016ರ ಏಪ್ರಿಲ್‌ವರೆಗೂ ಅದೇ ನಡೆಯಿತು. ಮೊದಲೇ ಎಸಿ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟ್) ಹಾಕಬಹುದಿತ್ತಲ್ಲ? ಬದಲಾಯಿಸುವಾಗಲೂ ಇದ್ದ ತಂತಿಯಲ್ಲೇ ವೋಲ್ಟೇಜ್ ಏರಿಸಿದರೆ ಸಾಲದೇ?

ತಂತಿಮನೆ:
ಆಗ ಡಿಸಿ ಹಾಕಿದ್ದು ತಪ್ಪಲ್ಲ. ರೈಲಿಗೆ ಬೇಕಾದ್ದು ನಿಂತಲ್ಲಿಂದ ಎಳೆಯುವ ಬಲ, ಅದು ಡಿಸಿ ಸೀರೀಸ್ ಮೋಟರಿನ ಗುಣ. ರೆಸಿಸ್ಟೆನ್ಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ, ಮೋಟರುಗಳನ್ನು ಸೀರೀಸ್‌ನಿಂದ ಪ್ಯಾರಲಲ್‌ಗೆ ತಿರುಗಿಸಿದರೆ ವೇಗ ಏರುತ್ತದೆ. ಎಸಿಯನ್ನು ಬೋಗಿಯೊಳಗೇ ಡಿಸಿ ಮಾಡುವ ಹಗುರ ರೆಕ್ಟಿಫೈಯರ್ ಆಗ ಇರಲಿಲ್ಲ. ಭಾರತೀಯ ರೈಲ್ವೆ 25 ಕೆವಿ (25,000 ವೋಲ್ಟ್) ಎಸಿಯನ್ನು ಆರಿಸಿಕೊಂಡದ್ದೇ 1957ರಲ್ಲಿ.

ಡಿಸಿಯ ಕಷ್ಟ ಗೊತ್ತಾಗುವುದು ರೈಲು ಹೆಚ್ಚಿದಾಗ. ಒಂದು ರೇಕ್ (ಬೋಗಿಗಳು ಸೇರಿದ ಪೂರ್ತಿ ರೈಲು) 3,000 ಕಿಲೋವ್ಯಾಟ್ ಎಳೆದರೆ 1500 ವೋಲ್ಟ್‌ನಲ್ಲಿ 2,000 ಆಂಪಿಯರ್. 25,000 ವೋಲ್ಟ್‌ನಲ್ಲಿ ಸುಮಾರು 120. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ತಂತಿಯಾದರೆ 270 ಪಟ್ಟಿಗೂ ಮೀರಿದ ವ್ಯತ್ಯಾಸ. ಹಾಗಾಗಿಯೇ ಡಿಸಿಗೆ ದಪ್ಪ ತಾಮ್ರ, ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್. ಎಸಿಯಲ್ಲಿ ಹತ್ತಾರು ಕಿಲೋಮೀಟರಿಗೊಂದು ಸಾಕು.

ಇನ್ನೊಂದು ಪೇಚು ಹೊರಗಿನವರಿಗೆ ಕಾಣುವುದಿಲ್ಲ. ಸಬ್‌ಸ್ಟೇಷನ್‌ನಿಂದ ದೂರದಲ್ಲಿ ತಂತಿ ಹರಿದು ಶಾರ್ಟ್ ಆದರೂ, ನಾಲ್ಕು ರೈಲು ಒಟ್ಟಿಗೆ ಹೊರಟರೂ, ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಬ್ರೇಕರ್‌ಗೆ ಹೆಚ್ಚುಕಡಿಮೆ ಒಂದೇ ಥರದ ಕರೆಂಟ್. ಸೆಟ್ಟಿಂಗ್ ಕೆಳಗಿಟ್ಟರೆ ದಟ್ಟಣೆಯ ಹೊತ್ತಿಗೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಮೇಲಿಟ್ಟರೆ ನಿಜವಾದ ಫಾಲ್ಟ್ ತಪ್ಪಿಸಿಕೊಳ್ಳುತ್ತದೆ. 9 ಬೋಗಿಯ ರೇಕನ್ನು 12 ಮಾಡಹೊರಟರೆ ಇದು ಇನ್ನೂ ಬಿಗಿ.

ಸಿಗ್ನಲ್‌ಪೆಟ್ಟಿಗೆ:
ವೋಲ್ಟೇಜ್ ಮಾತ್ರ ಏರಿಸುವ ಮಾತೇ ಇಲ್ಲ. ಇನ್ಸುಲೇಟರ್ ಎಲ್ಲ ಬದಲಾಗಬೇಕು. 25 ಕೆವಿ ತಂತಿಗೂ ಸೇತುವೆಯ ಹೊಟ್ಟೆಗೂ ನಡುವೆ ಕಾಲು ಮೀಟರಿಗಿಂತ ಹೆಚ್ಚು ಗಾಳಿ ಬೇಕು, ಇಲ್ಲದಿದ್ದರೆ ಮುಟ್ಟದೆಯೇ ಕಿಡಿ ಹಾರುತ್ತದೆ. ಜಾಗ ಸಾಲದ ಕಡೆ ಸೇತುವೆ ಎತ್ತಬೇಕು, ಇಲ್ಲವೇ ಹಳಿ ತಗ್ಗಿಸಬೇಕು. ಬ್ರಿಟಿಷರ ಕಾಲದ ತಗ್ಗು ಸೇತುವೆಗಳು ತಲೆನೋವಾದದ್ದು ಇಲ್ಲೇ.

ಅದಕ್ಕಿಂತ ಸೂಕ್ಷ್ಮವಾದದ್ದು ಟ್ರ್ಯಾಕ್ ಸರ್ಕ್ಯೂಟ್. ರೈಲಿನ ಕರೆಂಟ್ ವಾಪಸಾಗುವುದೂ ಹಳಿಯಲ್ಲೇ, ರೈಲು ಎಲ್ಲಿದೆ ಎಂದು ಸಿಗ್ನಲ್‌ಗೆ ತಿಳಿಯುವುದೂ ಅದೇ ಹಳಿಯಿಂದ. 50 ಹರ್ಟ್ಸ್‌ನ ಟ್ರ್ಯಾಕ್ ಸರ್ಕ್ಯೂಟನ್ನು ಅದೇ 50 ಹರ್ಟ್ಸ್‌ನ ಎಸಿ ಎಳೆತದ ಕೆಳಗೆ ಬಿಟ್ಟರೆ, ರೈಲು ನಿಂತಿರುವ ಹಳಿಯೂ ಖಾಲಿ ಎಂದು ತೋರುವ ಅಪಾಯವಿದೆ. ಡಿಸಿ ಟ್ರ್ಯಾಕ್ ಸರ್ಕ್ಯೂಟ್‌ಗೋ, ಬೇರೆ ಫ್ರೀಕ್ವೆನ್ಸಿಗೋ, ದಾಟಿದ ಗಾಲಿಗಳನ್ನು ಎಣಿಸುವ ಆಕ್ಸಲ್ ಕೌಂಟರ್‌ಗೋ ಹೋಗಲೇಬೇಕು.

ಹಳಿಗುಂಟ:
ಅರ್ಥವಾಯಿತು. ನ್ಯೂಟ್ರಲ್ ಸೆಕ್ಷನ್ ಎನ್ನುತ್ತಾರಲ್ಲ, ಅದು ಎಸಿಗೆ ಮಾತ್ರವೇ?

ತಂತಿಮನೆ:
ಹೌದು. ಅಕ್ಕಪಕ್ಕದ ಎರಡು ವಿಭಾಗಗಳಿಗೆ ಗ್ರಿಡ್‌ನ ಬೇರೆ ಬೇರೆ ಫೇಸ್ ಕೊಟ್ಟಿರುತ್ತಾರೆ. ಎರಡೂ ಕೂಡಿಕೊಂಡರೆ ಶಾರ್ಟ್, ಆದ್ದರಿಂದ ನಡುವೆ ಕರೆಂಟ್ ಇಲ್ಲದ ತುಂಡು. ಭಾರತದಲ್ಲಿ 500 ಮತ್ತು 250 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರುತ್ತದೆ. ಮೋಟರ್‌ಮನ್ ಸರ್ಕ್ಯೂಟ್ ಬ್ರೇಕರ್ ತೆರೆದು, ಬಂದ ವೇಗದಲ್ಲೇ ತೇಲಿಸಿಕೊಂಡು ದಾಟಬೇಕು. ಲೋಕಲ್ ರೇಕಿನಲ್ಲಿ ಪ್ಯಾಂಟೋ (ತಂತಿಯಿಂದ ಕರೆಂಟ್ ಪಡೆಯುವ, ಚಾವಣಿಯ ಮೇಲಿನ ತೋಳು) ಒಂದೇ ಅಲ್ಲ. ಮೂರು ಬೋಗಿಗೊಂದು ಮೋಟರ್ ಕೋಚ್ ಇದ್ದರೆ 12ಕ್ಕೆ ನಾಲ್ಕು. ಮೊದಲನೆಯದು ದಾಟಿತೆಂದು ಬ್ರೇಕರ್ ಹಾಕುವಂತಿಲ್ಲ, ಕೊನೆಯದೂ ಆಚೆ ಬರಬೇಕು. ತೆರೆಯಲು ಮರೆತರೆ ಆರ್ಕ್ ಎದ್ದು ತಂತಿ ಸುಡುತ್ತದೆ. ವೇಗ ಸಾಲದೆ ಪ್ಯಾಂಟೋಗಳು ಅಲ್ಲೇ ಸಿಕ್ಕಿಕೊಂಡರೆ ರೈಲು ಎಳೆಸಿಕೊಳ್ಳಬೇಕಾದೀತು. ಅದಕ್ಕೇ ಈ ತುಂಡನ್ನು ಏರಿನಲ್ಲಿ, ಸಿಗ್ನಲ್‌ಗೆ ತೀರ ಹತ್ತಿರದಲ್ಲಿ ಇಡುವುದನ್ನು ಆದಷ್ಟು ತಪ್ಪಿಸುತ್ತಾರೆ.