ಮೈಸೂರು ಹೆದ್ದಾರಿಯಲ್ಲಿ 118ಕ್ಕೆ ದಂಡ, ಈಗೇನು ಮಾಡಲಿ?

ಕೆಂಗೇರಿಯವನು: ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಬೆಳಗ್ಗೆ ಆರೂವರೆ, ರಸ್ತೆ ಖಾಲಿ. ಮದ್ದೂರು ದಾಟಿದ ಮೇಲೆ ಕಾರು 118 ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಮಂಗಳವಾರ ಮೊಬೈಲಿಗೆ ಮೆಸೇಜು: 1,000 ರೂಪಾಯಿ ದಂಡ. ಪೊಲೀಸರು ಯಾರೂ ತಡೆದಿರಲಿಲ್ಲ. ಇದು ಸರಿನಾ? ಕೋರ್ಟಿಗೆ ಅಲೆಯಬೇಕಾ?

ಮಂಡ್ಯ ಡ್ರೈವರ್: ಸರಿನೇ ಸಾರ್. ಅಲ್ಲಿ ಮಿತಿ 100. ಕ್ಯಾಮೆರಾ ನಂಬರ್ ಪ್ಲೇಟು ಓದುತ್ತದೆ, ತಡೆಯೋದೇ ಬೇಡ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಕಾರಿಗೆ 1,000ದಿಂದ 2,000. ಲಾರಿ, ಬಸ್ಸಿಗೆ 2,000ದಿಂದ 4,000. ಸುಮ್ನೆ ಆನ್‌ಲೈನಲ್ಲಿ ಕಟ್ಟಿಬಿಡಿ. ನನ್ನ ಟ್ಯಾಕ್ಸಿಗೆ ಮೂರು ಬಿದ್ದಿವೆ, ಮೂರೂ ಇಳಿಜಾರಲ್ಲೇ!

ಹಳೇ ವಕೀಲ: 130 ದಾಟಲಿಲ್ಲವಲ್ಲ, ಪುಣ್ಯ. 2024ರ ಆಗಸ್ಟ್ 1ರಿಂದ ನಮ್ಮ ರಾಜ್ಯದಲ್ಲಿ ಅದಕ್ಕೆ ಎಫ್‌ಐಆರ್. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್: ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ಕಟ್ಟುವ ಮೊದಲು ಫೋಟೋ ನೋಡಿ. ಬೇರೆಯವರ ಗಾಡಿ ಆಗಿದ್ದರೆ ಆಕ್ಷೇಪಣೆ ಹಾಕಿ.

ಕೆಂಗೇರಿಯವನು: ನೋಡಿದೆ. ನನ್ನದೇ ಕಾರು, ಬಂಪರಿನ ಗೀರೂ ಕಾಣುತ್ತಿದೆ. ಕಟ್ಟಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.