ಉಬ್ಬುಹಲ್ಲಿನ ಮಗು ಕತ್ತು ಮುಂದೆ ಚಾಚುತ್ತೆ: ಹಲ್ಲಿನಿಂದ ಕತ್ತಾ, ಕತ್ತಿನಿಂದ ಹಲ್ಲಾ?

ಪ್ರಶ್ನೆ – ಒಬ್ಬ ತಾಯಿ, ದಾವಣಗೆರೆ

ನಮಸ್ಕಾರ ಡಾಕ್ಟ್ರೇ. ಮಗಳಿಗೆ 9 ವರ್ಷ. ಮೇಲಿನ ಮುಂಭಾಗದ ಹಲ್ಲು ಕೆಳಗಿನದಕ್ಕಿಂತ 8 ಮಿ.ಮೀ. ಮುಂದಿದೆ ಅಂತ ಅಳತೆ ಮಾಡಿ ಹೇಳಿದ್ದಾರೆ. ಕೆಳದವಡೆ ಹಿಂದೆ ಉಳಿದಿದೆ. ನಿಂತರೆ ಕತ್ತು ಮುಂದೆ ಚಾಚಿ ಗದ್ದ ಸ್ವಲ್ಪ ಎತ್ತಿಕೊಂಡಿರುತ್ತಾಳೆ, ಬಾಯಿ ತೆರೆದೇ ಮಲಗುತ್ತಾಳೆ. ಒಬ್ಬರು "ಕ್ಲಿಪ್ ಹಾಕಿಸಿ, ಕತ್ತು ತಾನೇ ಸರಿಹೋಗುತ್ತೆ" ಅಂತಾರೆ. ಇನ್ನೊಬ್ಬರು "ಕತ್ತಿನ ವ್ಯಾಯಾಮ ಮಾಡಿಸಿದರೆ ಕ್ಲಿಪ್ಪೇ ಬೇಡ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ – ಆರ್ಥೋಡಾಂಟಿಸ್ಟ್

ಮೇಡಂ, ಇಬ್ಬರೂ ಮೂಗನ್ನು ಮರೆತಿದ್ದಾರೆ. ಮೊದಲು ನೋಡಬೇಕಾದದ್ದು ಅದನ್ನೇ.

ಮೂಗಿನಲ್ಲಿ ಗಾಳಿ ಸರಾಗವಾಗಿ ಹೋಗದಿದ್ದರೆ ಮಗು ಬಾಯಿ ತೆರೆಯುತ್ತದೆ. ಬಾಯಿ ತೆರೆದಾಗ ನಾಲಿಗೆ ಅಂಗುಳ ಬಿಟ್ಟು ಕೆಳಗಿಳಿಯುತ್ತದೆ, ಕೆಳದವಡೆ ಕೆಳಕ್ಕೂ ಹಿಂದಕ್ಕೂ ಜಾರುತ್ತದೆ. ಹಾಗಾದಾಗ ನಾಲಿಗೆಯ ಬುಡ ಗಂಟಲಿಗೆ ಹತ್ತಿರವಾಗುತ್ತದಲ್ಲ, ಆ ದಾರಿ ಬಿಡಿಸಿಕೊಳ್ಳಲು ಮಗು ತಲೆಯನ್ನು ಕೆಲವು ಡಿಗ್ರಿ ಹಿಂದಕ್ಕೆ ಬಾಗಿಸುತ್ತದೆ. ಪ್ರಜ್ಞೆ ತಪ್ಪಿದವರ ಹಣೆ ಒತ್ತಿ ಗದ್ದ ಎತ್ತಿ ಉಸಿರಿನ ದಾರಿ ತೆರೆಯುತ್ತಾರಲ್ಲ, ಇದೂ ಅದೇ ತತ್ವ. ತಲೆ ಹಿಂದಕ್ಕೆ ಬಾಗಿದರೆ ನೋಟ ಮೇಲಕ್ಕೆ ಹೋಗುತ್ತದೆ. ನೋಟ ನೇರ ಮಾಡಿಕೊಳ್ಳಲು ಕತ್ತಿನ ಕೆಳಭಾಗ ಮುಂದೆ ಚಾಚುತ್ತದೆ. ನಿಮಗೆ ಕಾಣುತ್ತಿರುವುದು ಈ ಕೊನೆಯ ಹಂತ.

ಡೆನ್ಮಾರ್ಕ್‌ನ ಸಂಶೋಧಕರಾದ ಸೊಲೊವ್ ಮತ್ತು ಕ್ರೈಬೋರ್ಗ್ 1977ರಲ್ಲಿ ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿದರು. ತಲೆ ಸದಾ ಹಿಂದಕ್ಕೆ ಬಾಗಿದ್ದರೆ ಮುಖ ಮತ್ತು ಕತ್ತಿನ ಮುಂಭಾಗದ ಚರ್ಮ, ಸ್ನಾಯು ಎಳೆದುಕೊಂಡೇ ಇರುತ್ತವೆ. ಆ ಸಣ್ಣ ಎಳೆತ ವರ್ಷಗಟ್ಟಲೆ ಇದ್ದರೆ ಮುಖದ ಬೆಳವಣಿಗೆ ಮುಂದಕ್ಕೆ ಹೋಗುವ ಬದಲು ಕೆಳಮುಖವಾಗುತ್ತದೆ ಎಂಬುದು ಅವರ ವಾದ. ತಲೆ ಹಿಂದಕ್ಕೆ ಬಾಗಿದ ಮಕ್ಕಳಲ್ಲಿ ಉದ್ದ ಮುಖ, ಹಿಂದುಳಿದ ಕೆಳದವಡೆ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಇವು ಜೊತೆಜೊತೆಗೆ ಕಾಣುತ್ತವೆ ಅಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ. ದವಡೆಯ ಆಕಾರದಲ್ಲಿ ವಂಶದ ಪಾಲು ದೊಡ್ಡದು. ಅದಕ್ಕೇ "ಕತ್ತು ಸರಿಮಾಡಿದರೆ ಹಲ್ಲು ಸರಿ" ಅನ್ನುವ ಮಾತಿಗೆ ಆಧಾರವಿಲ್ಲ.

ನಿಮ್ಮ ಮಗಳ ವಿಷಯದಲ್ಲಿ ಮೂಗು ಪರೀಕ್ಷೆ ಮೊದಲು, ದವಡೆಯ ಚಿಕಿತ್ಸೆ ಆಮೇಲೆ, ಕತ್ತಿನ ವ್ಯಾಯಾಮ ಜೊತೆಗೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಟ್ವಿನ್ ಬ್ಲಾಕ್‌ನಂಥ ಉಪಕರಣ ಬೆಳವಣಿಗೆ ಜೋರಾಗುವ ಹೊತ್ತಿಗೆ, ಹುಡುಗಿಯರಲ್ಲಿ ಸುಮಾರು 10ರಿಂದ 12ರ ನಡುವೆ, ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಸಮಯ ಮೀರಿಲ್ಲ. ಆದರೆ 8 ಮಿ.ಮೀ. ಮುಂದಿರುವ ಹಲ್ಲು ಬಿದ್ದರೆ ಬೇಗ ಮುರಿಯುತ್ತದೆ. ಆಟಕ್ಕೆ ಹೋಗುವಾಗ ಮೌತ್‌ಗಾರ್ಡ್ ಇವತ್ತಿನಿಂದಲೇ ಹಾಕಿಸಿ.

ಉತ್ತರ – ಕಿವಿ, ಮೂಗು, ಗಂಟಲು ವೈದ್ಯೆ

ಮೇಲಿನ ಮಾತಿಗೆ ಸೇರಿಸುತ್ತೇನೆ. ನೆಗಡಿ ಇಲ್ಲದ ದಿನ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ದೊಡ್ಡ ಚಮಚ ನೀರು ಬಾಯಲ್ಲಿ ಹಿಡಿದುಕೊಳ್ಳಲು ಹೇಳಿ. ತುಟಿ ಮುಚ್ಚಿರಬೇಕು, ನುಂಗಬಾರದು. ಗಡಿಯಾರ ನೋಡುತ್ತಾ 3 ನಿಮಿಷ. ಮೂಗಿನ ದಾರಿ ಚೆನ್ನಾಗಿದ್ದರೆ ಮಗು ಸುಮ್ಮನೆ ಕೂತಿರುತ್ತದೆ. ಕಟ್ಟಿದ್ದರೆ ಒಂದು ನಿಮಿಷದೊಳಗೇ ಹೆಗಲು ಏರಿಳಿಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ನೀರು ನುಂಗಿ ಬಾಯಿ ಬಿಡುತ್ತದೆ. ಯಾವ ಹೊಳ್ಳೆ ಕಟ್ಟಿದೆ ಎಂದು ನೋಡಲು ತಣ್ಣನೆ ಸ್ಟೀಲ್ ಚಮಚವನ್ನು ಮೂಗಿನ ಕೆಳಗೆ ಹಿಡಿಯಿರಿ. ಎರಡೂ ಕಡೆ ಆವಿಯ ಗುರುತು ಹೆಚ್ಚುಕಡಿಮೆ ಒಂದೇ ಸಮ ಬರಬೇಕು.

3 ನಿಮಿಷ ಆರಾಮಾಗಿ ಕೂತರೂ ಹಗಲೆಲ್ಲ ಬಾಯಿ ತೆರೆದೇ ಇದ್ದರೆ ಅದು ಅಭ್ಯಾಸ, ಇಲ್ಲವೇ ಉಬ್ಬುಹಲ್ಲಿನಿಂದ ತುಟಿ ಮುಚ್ಚಲು ಆಗದ ಸ್ಥಿತಿ. ಕೂರಲಾಗದಿದ್ದರೆ ನಮ್ಮ ಹತ್ತಿರ ಬನ್ನಿ. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಮೂಗಿನ ಹಿಂದಿನ ಅಡೆನಾಯ್ಡ್ ಗಂಟು ಅಥವಾ ಅಲರ್ಜಿ. ದಿನವೂ ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ತಲೆ ಹಿಂದಕ್ಕೆ ಚೆಲ್ಲಿ ಮಲಗುವುದು, ಬೆವರು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಇವಿದ್ದರೆ ತಡಮಾಡಬೇಡಿ. ನಿದ್ದೆಯಲ್ಲಿ 2 ನಿಮಿಷದ ವಿಡಿಯೋ, ಧ್ವನಿ ಸಮೇತ, ತಂದರೆ ನಮಗೆ ಬಹಳ ಅನುಕೂಲ.

ಬಾಯಿಗೆ ಟೇಪ್ ಅಂಟಿಸುವುದು ಈಗ ಮೊಬೈಲ್‌ನಲ್ಲೆಲ್ಲ ಓಡಾಡುತ್ತಿದೆ. ದಯವಿಟ್ಟು ಮಕ್ಕಳಿಗೆ ಮಾಡಬೇಡಿ. ಮೂಗು ಕಟ್ಟಿದ ಮಗುವಿಗೆ ಇರುವುದೇ ಆ ಒಂದು ದಾರಿ.

ಪ್ರಶ್ನೆ – ಅದೇ ತಾಯಿ

ನೀರಿನ ಪರೀಕ್ಷೆ ಮಾಡಿದೆ ಮೇಡಂ, 40 ಸೆಕೆಂಡಿಗೇ ನುಂಗಿಬಿಟ್ಟಳು. ಡಾಕ್ಟ್ರಿಗೆ ತೋರಿಸುತ್ತೇನೆ. ಕತ್ತು ಎಷ್ಟು ಮುಂದಿದೆ ಅಂತ ಫೋಟೋ ತೆಗೆದರೆ ದಿನಕ್ಕೊಂದು ಥರ ಬರುತ್ತಲ್ಲ, ಹೇಗೆ ತೆಗೆಯೋದು?

ಉತ್ತರ – ಮಕ್ಕಳ ಫಿಸಿಯೋಥೆರಪಿಸ್ಟ್

"ನೆಟ್ಟಗೆ ನಿಲ್ಲು" ಎಂದ ಕೂಡಲೇ ಮಗು ಎದೆ ಉಬ್ಬಿಸಿ ಗದ್ದ ಎತ್ತುತ್ತದೆ. ಆ ಫೋಟೋದಿಂದ ಉಪಯೋಗವಿಲ್ಲ.

ಚಪ್ಪಲಿ ಬಿಚ್ಚಿಸಿ, ಜಡೆ ಎತ್ತಿ ಕಟ್ಟಿ. ಮಗುವಿನ ಎದುರು ಅವಳ ಕಣ್ಣಿನ ಎತ್ತರಕ್ಕೆ ಕನ್ನಡಿ ಇರಲಿ. ನಿಂತಲ್ಲೇ ಹತ್ತು ಹೆಜ್ಜೆ ಹಾಕಲಿ, ಆಮೇಲೆ ತಲೆಯನ್ನು ಹೌದು ಹೌದು ಎನ್ನುವಂತೆ ಮೊದಲು ಜೋರಾಗಿ, ಬರಬರುತ್ತಾ ಕಡಿಮೆಯಾಗಿ ಆಡಿಸಿ ತಾನಾಗಿ ನಿಲ್ಲಿಸಲಿ. ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡಲಿ. ಈಗ ಸಿಗುವುದು ತಲೆಯ ಸಹಜ ಸ್ಥಿತಿ.

ಫೋನನ್ನು ಮಗುವಿನ ಭುಜದ ಎತ್ತರಕ್ಕೆ, ಪಕ್ಕದಿಂದ, ಸುಮಾರು 2 ಮೀಟರ್ ದೂರದಲ್ಲಿ ಸ್ಟೂಲಿನ ಮೇಲೆ ಇಡಿ. ದೊಡ್ಡವರು ನಿಂತು ಕೆಳಮುಖವಾಗಿ ತೆಗೆದರೆ ಗದ್ದ ಇಲ್ಲದಷ್ಟು ಚಿಕ್ಕದಾಗಿ ಕಾಣುತ್ತದೆ. ಚೌಕಟ್ಟಿನಲ್ಲಿ ಬೀಗದ ಕೈ ಕಟ್ಟಿದ ದಾರವೊಂದು ತೂಗಾಡಲಿ, ಅದು ನಿಮ್ಮ ಲಂಬರೇಖೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯ ಮೇಲೆ ಒಂದು ಸ್ಟಿಕ್ಕರ್ ಬಿಂದಿ, ಕಿವಿತೂತಿನ ಮುಂದಿನ ಸಣ್ಣ ಉಬ್ಬಿನ ಮೇಲೆ ಇನ್ನೊಂದು. ಇವೆರಡನ್ನು ಸೇರಿಸುವ ಗೆರೆ ನೆಲಕ್ಕೆ ಸಮಾನಾಂತರ ಗೆರೆಯೊಂದಿಗೆ ಮಾಡುವ ಕೋನವನ್ನು ಅಳೆಯಿರಿ. ದೊಡ್ಡವರಲ್ಲಿ ಅದು 48–50 ಡಿಗ್ರಿಗಿಂತ ಕಡಿಮೆಯಾದರೆ ತಲೆ ಮುಂದಿದೆ ಎನ್ನುತ್ತೇವೆ. ಮಕ್ಕಳಲ್ಲಿ ಏರುಪೇರು ಹೆಚ್ಚು, ಹಾಗಾಗಿ ಪಕ್ಕದ ಮನೆ ಮಗುವಿಗೆ ಹೋಲಿಸಬೇಡಿ. ಒಂದೇ ದಿನ ಮೂರು ಸಲ ತೆಗೆದು ಸರಾಸರಿ ಬರೆದಿಡಿ, 3 ತಿಂಗಳ ನಂತರ ಅದೇ ಜಾಗದಲ್ಲಿ ಮತ್ತೆ ತೆಗೆಯಿರಿ. ಒಂದೆರಡು ಡಿಗ್ರಿ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಪ್ರಶ್ನೆ – ಒಬ್ಬ ತಂದೆ, ಹುಬ್ಬಳ್ಳಿ

ಸರ್, ನನ್ನ ಮಗನಿಗೆ 8 ವರ್ಷ. ಬಾಯಿ ಮುಚ್ಚಿದಾಗ ಗದ್ದ ಎಡಕ್ಕೆ ಹೋಗುತ್ತೆ, ತಲೆಯೂ ಸ್ವಲ್ಪ ಎಡಕ್ಕೆ ವಾಲಿದೆ. ಎರಡೂ ಒಂದೇ ತೊಂದರೆನಾ? ನಮ್ಮ ಅಜ್ಜಿ ಕುತ್ತಿಗೆ ಉಳುಕು ತೆಗೆಸೋಣ ಅಂತಿದ್ದಾರೆ.

ಉತ್ತರ – ಆರ್ಥೋಡಾಂಟಿಸ್ಟ್

ಉಳುಕು ತೆಗೆಸುವುದು ಬೇಡವೇ ಬೇಡ ಸರ್, ಕಾರಣ ಮುಂದಿನ ಉತ್ತರದಲ್ಲಿದೆ. ಮೊದಲು ಗದ್ದ ನೋಡೋಣ. ಮಗುವನ್ನು ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿ. ಬಾಯಿ ಪೂರ್ತಿ ತೆರೆಸಿ, ಮೇಲಿನ ಎರಡು ಮುಂದಿನ ಹಲ್ಲಿನ ನಡುಗೆರೆ, ಕೆಳಗಿನ ನಡುಗೆರೆ ನೋಡಿ. ಈಗ ನಿಧಾನವಾಗಿ ಮುಚ್ಚಲಿ. ತೆರೆದಾಗ ಗೆರೆಗಳು ಒಂದರ ಕೆಳಗೊಂದು ಇದ್ದು, ಮುಚ್ಚುವಾಗ ಯಾವುದೋ ಹಲ್ಲು ಮೊದಲು ತಾಗಿ ಕೆಳದವಡೆ ಎಡಕ್ಕೆ ಜಾರಿದರೆ ದವಡೆ ಮೂಳೆ ಇನ್ನೂ ನೇರವಾಗಿದೆ, ಅಂಗುಳ ಕಿರಿದಾಗಿದೆ ಎಂದು ತಿಳಿಯಬೇಕು. ಆಗ ಒಂದು ಕಡೆಯ ಮೇಲಿನ ಹಲ್ಲು ಕೆಳಗಿನದರ ಒಳಗೆ ಕಚ್ಚುತ್ತದೆ, ಅದನ್ನೇ ಕ್ರಾಸ್‌ಬೈಟ್ ಅನ್ನುವುದು. ತೆರೆದಾಗಲೂ ಗೆರೆ ಪಕ್ಕದಲ್ಲೇ ಇದ್ದರೆ ಮೂಳೆಯಲ್ಲೇ ಓರೆ ಇರಬಹುದು, ಚಿಕಿತ್ಸೆಯ ಲೆಕ್ಕವೇ ಬೇರೆ.

ಜಾರುವ ಬಗೆಯದಾದರೆ 8 ವರ್ಷ ಒಳ್ಳೆಯ ವಯಸ್ಸು. ಅಂಗುಳಕ್ಕೆ ಸ್ಕ್ರೂ ಇರುವ ಎಕ್ಸ್‌ಪ್ಯಾಂಡರ್ ಕೂರಿಸುತ್ತೇವೆ. ಸಾಮಾನ್ಯವಾಗಿ ಒಂದು ತಿರುವಿಗೆ 0.25 ಮಿ.ಮೀ. ಅಂದರೆ 6 ಮಿ.ಮೀ.ಗೆ 24 ತಿರುವು, ದಿನಕ್ಕೆ ಎರಡಾದರೆ 12 ದಿನ, ಒಂದಾದರೆ 24 ದಿನ. ಎಷ್ಟು ತಿರುವು ಎಂಬುದನ್ನು ವೈದ್ಯರು ಬರೆದುಕೊಡುತ್ತಾರೆ, ನೀವಾಗಿ ಹೆಚ್ಚಿಸಬೇಡಿ. ಕೀಲಿಗೆ ಉದ್ದ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ, ಗಂಟಲಿಗೆ ಜಾರಬಾರದು. ಮುಂದಿನ ತೂತಿಗೆ ಹಾಕಿ ಗಂಟಲ ಕಡೆಗೆ ತಳ್ಳಿ, ಹೊಸ ತೂತು ಪೂರ್ತಿ ಕಾಣುವವರೆಗೆ. ಇಲ್ಲೇ ಹೆಚ್ಚಿನವರು ಎಡವುವುದು: ಕೀಲಿ ತೆಗೆಯುವಾಗ ಮುಂದಕ್ಕೆ ಎಳೆದುಬಿಡುತ್ತಾರೆ, ಸ್ಕ್ರೂ ಹಿಂದೆ ತಿರುಗುತ್ತದೆ, ಮರುದಿನ ತೂತೇ ಸಿಗುವುದಿಲ್ಲ. ಕೀಲಿಯನ್ನು ಹಿಂದಕ್ಕೆ, ಕೆಳಕ್ಕೆ ಜಾರಿಸಿ ತೆಗೆಯಿರಿ.

ಸ್ವಲ್ಪ ದಿನದಲ್ಲಿ ಮೇಲಿನ ಎರಡು ಹಲ್ಲಿನ ನಡುವೆ ಸಂದು ಬೀಳುತ್ತದೆ. ಹೆದರಬೇಡಿ, ಅಂಗುಳದ ಮೂಳೆ ತೆರೆದಿದೆ ಎಂಬ ಗುರುತು ಅದು, ಕೆಲವೇ ತಿಂಗಳಲ್ಲಿ ತಾನೇ ಮುಚ್ಚುತ್ತದೆ. ತಿರುವು ಮುಗಿದ ಮೇಲೂ ಉಪಕರಣ ಕನಿಷ್ಠ 3ರಿಂದ 6 ತಿಂಗಳು ಇರಬೇಕು, ಬೇಗ ತೆಗೆದರೆ ಅಂಗುಳ ಮತ್ತೆ ಕುಗ್ಗುತ್ತದೆ. ಅಂಗುಳ ಅಗಲವಾದ ಮೇಲೆ ಕೆಲವು ಮಕ್ಕಳಲ್ಲಿ ತಲೆ ಕೆಲವು ಡಿಗ್ರಿ ಕೆಳಗಿಳಿದದ್ದು ಅಧ್ಯಯನಗಳಲ್ಲಿ ಕಂಡಿದೆ, ಆದರೆ ತಲೆ ಪಕ್ಕಕ್ಕೆ ವಾಲುವುದು ಇದರಿಂದ ಹೋಗುತ್ತದೆ ಎಂದು ನಂಬಿಕೊಳ್ಳಬೇಡಿ.

ಉತ್ತರ – ಮಕ್ಕಳ ಫಿಸಿಯೋಥೆರಪಿಸ್ಟ್

ತಲೆ ವಾಲುವುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಮೂರು ಜಾಗ ನೋಡುತ್ತೇವೆ.

ಕತ್ತಿನ ಪಕ್ಕದ ದಪ್ಪ ಸ್ನಾಯು, ಕಿವಿಯ ಹಿಂದಿನಿಂದ ಎದೆಮೂಳೆಗೆ ಬರುವುದು, ಒಂದು ಕಡೆ ಹಗ್ಗದಂತೆ ಬಿಗಿಯಾಗಿದ್ದರೆ ತಲೆ ಆ ಕಡೆಗೆ ವಾಲಿ ಗದ್ದ ಎದುರು ಕಡೆಗೆ ತಿರುಗುತ್ತದೆ. ಶಿಶುವಾಗಿದ್ದಾಗಲೇ ಇದ್ದದ್ದಾದರೆ ಮುಖವೂ ಒಂದು ಕಡೆ ಚಿಕ್ಕದಾಗಿರುತ್ತದೆ.

ಎರಡನೆಯದು ಕಣ್ಣು. ಮಗನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ದೂರದ ಕ್ಯಾಲೆಂಡರ್ ಓದಿಸಿ, ಆಮೇಲೆ ಇನ್ನೊಂದನ್ನು ಮುಚ್ಚಿ. ಹೀಗೆ ಮಾಡಿದಾಗ ವಾಲುವುದು ಕಡಿಮೆಯಾದರೆ, ಅಥವಾ ಅಂಗಾತ ಮಲಗಿದಾಗ ಮಾಯವಾದರೆ, ಕಣ್ಣಿನ ಸ್ನಾಯುವಿನ ತೊಂದರೆ ಇರಬಹುದು. ಎರಡಾಗಿ ಕಾಣುವುದನ್ನು ತಪ್ಪಿಸಿಕೊಳ್ಳಲು ಮಗು ತಲೆ ವಾಲಿಸಿಕೊಂಡಿರುತ್ತದೆ. ಅಂಥ ಮಗುವಿಗೆ ಕತ್ತು ಎಳೆಸುವ ವ್ಯಾಯಾಮ ವರ್ಷ ಮಾಡಿಸಿದರೂ ವ್ಯರ್ಥ.

ಮೂರನೆಯದು ಬೆನ್ನುಮೂಳೆ. ಅಂಗಿ ತೆಗೆಸಿ, ಕಾಲು ಜೋಡಿಸಿ, ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಒಂದು ಕಡೆಯ ಪಕ್ಕೆ ಎತ್ತರವಾಗಿ ಕಂಡರೆ ಮೂಳೆ ವೈದ್ಯರಿಗೆ ತೋರಿಸಿ.

ಇದ್ದಕ್ಕಿದ್ದಂತೆ ಶುರುವಾದ ವಾಲುವಿಕೆ, ಅದೂ ಗಂಟಲು ಸೋಂಕು ಅಥವಾ ಟಾನ್ಸಿಲ್ ಆಪರೇಷನ್ ಆದ ಮೇಲೆ, ಬಿದ್ದ ಮೇಲೆ, ಇಲ್ಲವೇ ತಲೆನೋವು, ವಾಂತಿಯ ಜೊತೆಗೆ ಬಂದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕತ್ತಿನ ಮೊದಲೆರಡು ಮೂಳೆ ಜಾರಿರುವ ಸಾಧ್ಯತೆ ಇದೆ. ಉಳುಕು ತೆಗೆಯುವವರು ಒಂದು ಸಲ ತಿರುಪಿದರೆ ಮಿದುಳುಬಳ್ಳಿಗೇ ಪೆಟ್ಟು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಕೀಲು ಮೊದಲೇ ಸಡಿಲವಿರಬಹುದು, ವೈದ್ಯರ ಒಪ್ಪಿಗೆಯಿಲ್ಲದೆ ಕತ್ತಿಗೆ ಏನನ್ನೂ ಮಾಡಿಸಬಾರದು. ಅಜ್ಜಿಯವರಿಗೂ ಇದನ್ನು ಓದಿ ಹೇಳಿ.

ಪ್ರಶ್ನೆ – ದಾವಣಗೆರೆಯ ತಾಯಿ

ಮೂಗಿನ ಚಿಕಿತ್ಸೆ ಶುರುವಾದ ಮೇಲೆ ಯಾವ ವ್ಯಾಯಾಮ ಮಾಡಿಸಲಿ? ಓದುವಾಗಲೂ ನೆಲದ ಮೇಲೆ ಕೂತು ಪುಸ್ತಕಕ್ಕೆ ಬಗ್ಗಿಬಿಡುತ್ತಾಳೆ.

ಉತ್ತರ – ಮಕ್ಕಳ ಫಿಸಿಯೋಥೆರಪಿಸ್ಟ್

ಒಂದು ಸಾಕು, ಸರಿಯಾಗಿ ಮಾಡಿದರೆ. ಗೋಡೆಗೆ ಬೆನ್ನು ತಾಗಿಸಿ ಕೂರಲಿ, ನೋಟ ನೇರ. ತುಟಿ ಮುಚ್ಚಿರಲಿ, ಮೇಲಿನ ಕೆಳಗಿನ ಹಲ್ಲು ತಾಗದಿರಲಿ. ಮೇಜಿನ ಡ್ರಾಯರ್ ಒಳಕ್ಕೆ ತಳ್ಳಿದ ಹಾಗೆ ಗದ್ದವನ್ನು ಅಡ್ಡಕ್ಕೆ ಹಿಂದೆ ಸರಿಸಲಿ. 5 ಸೆಕೆಂಡು ಹಿಡಿದು ಬಿಡಲಿ. ಹತ್ತು ಸಲ, ಬೆಳಗ್ಗೆ ಸಂಜೆ. ಮಕ್ಕಳು ಮಾಡುವ ತಪ್ಪು ಎರಡು: ಗದ್ದ ಹಿಂದೆ ಸರಿಸುವ ಬದಲು ತಲೆ ತಗ್ಗಿಸುತ್ತಾರೆ, ಹಲ್ಲು ಕಚ್ಚಿ ಹಿಡಿಯುತ್ತಾರೆ. ಮೂಗಿನ ಮೇಲೆ ಒಂದು ಬೆರಳಿಟ್ಟು, ಬೆರಳಿನಿಂದ ಮೂಗು ನೇರ ಹಿಂದೆ ಹೋಗಬೇಕು ಅಂದರೆ ಬೇಗ ಅರ್ಥವಾಗುತ್ತದೆ. ನೋವು, ಕೈ ಜುಮ್ಮೆನ್ನುವುದು ಬಂದರೆ ನಿಲ್ಲಿಸಿ.

ನೆಲದ ಮೇಲೆ ಕೂರುವುದು ತಪ್ಪಲ್ಲ, ಪುಸ್ತಕ ನೆಲದ ಮೇಲಿರುವುದು ತಪ್ಪು. ಲೆಕ್ಕ ಬರೆಯುವವರು ಹಿಂದೆ ಇಟ್ಟುಕೊಳ್ಳುತ್ತಿದ್ದ ಇಳಿಜಾರು ಡೆಸ್ಕ್ ನೆನಪಿದೆಯಲ್ಲ, ಅಂಥದ್ದು ಒಂದು ಮಾಡಿಸಿ. ಬ್ಯಾಗಿನ ತೂಕ ಮೈತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯೇ ಹೇಳುತ್ತದೆ. 26 ಕೆ.ಜಿ. ಮಗುವಿಗೆ 2.6 ಕೆ.ಜಿ. ಒಮ್ಮೆ ತೂಗಿ ನೋಡಿ. ಇಷ್ಟರಿಂದ ಕತ್ತು ಹಗುರವಾಗುತ್ತದೆ, 8 ಮಿ.ಮೀ. ಹಲ್ಲು ಮಾತ್ರ ಹಿಂದೆ ಹೋಗುವುದಿಲ್ಲ. ನಾಲಿಗೆ ಅಂಗುಳಕ್ಕೆ ಒತ್ತಿದರೆ ದವಡೆ ಬದಲಾಗುತ್ತದೆ ಎಂಬ ಮ್ಯೂಯಿಂಗ್ ವಿಡಿಯೋಗಳಿಗೂ ಇದೇ ಮಾತು.

ಪ್ರಶ್ನೆ – ಹುಬ್ಬಳ್ಳಿಯ ತಂದೆ

ಕತ್ತಿಗೆ ಬೇರೆ, ಹಲ್ಲಿಗೆ ಬೇರೆ ಎಕ್ಸ್‌ರೇ ಬೇಕಾ ಸರ್?

ಉತ್ತರ – ಆರ್ಥೋಡಾಂಟಿಸ್ಟ್

ಹಲ್ಲಿನ ಕಾರಣಕ್ಕೆ ಬೇಡ. ಚಿಕಿತ್ಸೆಗೆ ಮುಂಚೆ ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ, ಅಂದರೆ ಸೆಫಲೋಗ್ರಾಮ್, ಒಂದರಲ್ಲೇ ದವಡೆ, ಮೂಗಿನ ಹಿಂದಿನ ಅಡೆನಾಯ್ಡ್, ಕತ್ತಿನ ಎರಡು, ಮೂರು, ನಾಲ್ಕನೇ ಮೂಳೆ ಎಲ್ಲ ಕಾಣುತ್ತವೆ. ಆ ಮೂಳೆಗಳ ಕೆಳ ಅಂಚು ಚಪ್ಪಟೆಯೋ ಗುಳಿಬಿದ್ದಿದೆಯೋ ಎಂಬುದರಿಂದ ಬೆಳವಣಿಗೆಯ ಜೋರು ಬರಲಿದೆಯೋ ಮುಗಿಯಿತೋ ಎಂದು ಅಂದಾಜಿಸುತ್ತೇವೆ. ತೆಗೆಯುವವರಿಗೆ ಒಂದೇ ಮಾತು ಕೇಳಿ: ಕಿವಿಗೆ ಇಡುವ ಕಡ್ಡಿಗೆ ತಲೆ ಹೊಂದಿಸುವಾಗ ಮಗುವಿನ ಗದ್ದ ಎತ್ತಬೇಡಿ, ಕನ್ನಡಿ ನೋಡಿಸಿ ತೆಗೆಯಿರಿ ಎಂದು. ಗದ್ದ ಎತ್ತಿ ತೆಗೆದ ಚಿತ್ರದಲ್ಲಿ ಹಿಂದುಳಿದ ದವಡೆಯೂ ಸರಿಯಿದ್ದಂತೆ ತೋರುತ್ತದೆ, ಕತ್ತಿನ ಕೋನವಂತೂ ಪೂರಾ ತಪ್ಪುತ್ತದೆ.